ವಿಡಿಯೋ ಆಪ್ ಬಿಡೋಕಿಂತ ಮೊದ್ಲು ಕಾಗದ ನೋಡ್ಕೊಳ್ರಿ: ನಮ್ಮ ಕಡಿ ಡೆವಲಪರ್‌ಗಳಿಗೆ ಕಾಪಿರೈಟ್ ಮಾರ್ಗದರ್ಶಿ

"ಅಣ್ಣಾ, ಲೈವ್ ಟಿವಿ ಆಪ್ ಒಂದು ಮಾಡಿ ಕೊಡ್ರಿ, ಚಾನೆಲ್ ಲಿಂಕ್ ಎಲ್ಲಾ ನಮ್ಮ ಹತ್ರಾನೇ ಅವ." ಕಲಬುರಗಿ, ಬೀದರ್, ಯಾದಗಿರಿ ಕಡಿ ಆಪ್ ಕೆಲಸ ಮಾಡೋರಿಗೆ ಇಂಥ ಫೋನ್ ಬಂದೇ ಬರ್ತದ. ಕೇಳೋರು ಕೇಬಲ್‌ನವ್ರು ಇರ್ತಾರ, ಲೋಕಲ್ ನ್ಯೂಸ್ ಚಾನೆಲ್‌ನವ್ರು ಇರ್ತಾರ, ಮಠದ ಕಮಿಟಿಯವ್ರು, ನಾಟಕ ಕಂಪನಿಯವ್ರು ಇರ್ತಾರ, ಇಲ್ಲಾಂದ್ರ ಇಂಜಿನಿಯರಿಂಗ್ ಕೊನೇ ವರ್ಷದ ಹುಡುಗ್ರೇ ಕೂಡಿ ಆಡ್‌ಮಾಬ್ (ಆಪಿನಾಗ ಜಾಹೀರಾತು ತೋರ್ಸೋ ಗೂಗಲ್ ಸೇವಾ) ಹಾಕಿ ನಾಕು ರೊಕ್ಕ ಮಾಡೋಣ ಅಂತ ಇಳಿದಿರ್ತಾರ. ಕೋಡ್ ಬರಿಯೋದು ಈಗ ದೊಡ್ಡ ಮಾತಲ್ಲ, ಎಕ್ಸೋಪ್ಲೇಯರ್ (ವಿಡಿಯೋ ಓಡಿಸೋ ರೆಡಿ ಕೋಡ್) ಹಾಕಿ ಒಂದು ಎಂ3ಯು8 (ವಿಡಿಯೋ ಸ್ಟ್ರೀಮಿನ) ಲಿಂಕ್ ಕೊಟ್ರ ಸಂಜೀತನಾ ವಿಡಿಯೋ ಓಡ್ಲಾಕ ಶುರು ಆಗ್ತದ. ತಾಪತ್ರಯ ಇರೋದು ಆ ಲಿಂಕಿನಾಗ ಓಡೋ ಮಾಲು ಯಾರದು, ಅದನ್ನ ನಿಮ್ಮ ಆಪಿನಾಗ ತೋರ್ಸು ಅಂತ ಯಾರು ಬರ್ದು ಕೊಟ್ಟಾರ ಅನ್ನೋದ್ರಾಗ. ಪಹಣಿ ನೋಡ್ದ ಹೊಲ ತಗೊಳೋರು ನಮ್ಮ ಕಡಿ ಯಾರೂ ಇಲ್ಲ, ಆದ್ರ ವಿಡಿಯೋ ವಿಷಯಕ್ಕ ಬಂದ್ರ ಎಲ್ರೂ ಪಹಣಿ ಮರ್ತೇ ಬಿಡ್ತಾರ.

ಇದು ಬರೇ ಹೆದರ್ಸೋ ಮಾತಲ್ಲ. 2021ರ ಜುಲೈನಾಗ ಥೋಪ್ ಟಿವಿ ಅನ್ನೋ ಆಪ್ ನಡಿಸ್ತಿದ್ದವನ್ನ ಮಹಾರಾಷ್ಟ್ರ ಸೈಬರ್ ಪೊಲೀಸ್ರು ಹೈದರಾಬಾದಿಗೆ ಬಂದು ಹಿಡ್ಕೊಂಡು ಹೋದ್ರು, ಕಂಪ್ಲೇಂಟ್ ಕೊಟ್ಟವ್ರು ಟಿವಿ ಚಾನೆಲ್ ಕಂಪನಿಗಳು. ಹೈದರಾಬಾದ್ ನಮಗೇನ್ ದೂರ, ದವಾಖಾನಿಗೆ ಹೋಗೋದೂ ಅಲ್ಲಿಗೇ. 1957ರ ಕಾಪಿರೈಟ್ ಕಾಯ್ದೆ 63ನೇ ಸೆಕ್ಷನ್ ಪ್ರಕಾರ ಗೊತ್ತಿದ್ದೂ ಉಲ್ಲಂಘನೆ ಮಾಡಿದ್ರ, ಇಲ್ಲಾ ಮಾಡೋರಿಗೆ ಕೈ ಜೋಡ್ಸಿದ್ರ, ಕಮ್ಮಿ ಅಂದ್ರ 6 ತಿಂಗಳು, ಜಾಸ್ತಿ ಅಂದ್ರ 3 ವರ್ಷ ಜೈಲು, ಅದ್ರ ಮ್ಯಾಲ 50 ಸಾವಿರದಿಂದ 2 ಲಕ್ಷ ರೂಪಾಯಿತನಾ ದಂಡ. ಇದು ಸ್ಟೇಷನ್ನಿನಾಗೇ ಜಾಮೀನು ಸಿಗೋ ಕೇಸು ಅಂತ ಭಾಳ ಮಂದಿ ಅನ್ಕೊಂಡಿದ್ರು, 2022ರ ಮೇ ತಿಂಗಳಾಗ ಸುಪ್ರೀಂ ಕೋರ್ಟ್ ಹಂಗಲ್ಲ, ಪೊಲೀಸ್ರು ವಾರಂಟ್ ಇಲ್ದ ಅರೆಸ್ಟ್ ಮಾಡಬಹುದು, ಜಾಮೀನು ಹಕ್ಕಲ್ಲ ಅಂತ ಹೇಳಿಬಿಡ್ತು. ಕರ್ನಾಟಕದ ಗೂಂಡಾ ಕಾಯ್ದೆ ಒಳಗ ಸುದ್ದಾ ವಿಡಿಯೋ, ಆಡಿಯೋ ಪೈರಸಿ ಮಾಡೋರ ಹೆಸ್ರು ಅದ. ಹೊಸ ಸಿನೆಮಾ ಥೇಟರಿನಾಗ ಫೋನಿಲೆ ಹಿಡ್ದದ್ದನ್ನ ಹಾಕೋ ವಿಚಾರ ಇದ್ರಂತೂ 2023ರ ಸಿನೆಮಾಟೋಗ್ರಾಫ್ ತಿದ್ದುಪಡಿ ಬ್ಯಾರೇನೇ ಅದ, ಅದ್ರಾಗ ಕಮ್ಮಿ ಅಂದ್ರ 3 ತಿಂಗಳು ಜೈಲು ಮತ್ತ 3 ಲಕ್ಷ ದಂಡ, ದಂಡ ಏರಿದ್ರ ಆ ಸಿನೆಮಾದ ಆಡಿಟ್ ಆದ ನಿರ್ಮಾಣ ಖರ್ಚಿನ 5 ಪರ್ಸೆಂಟ್‌ತನಾ ಹೋಗಬಹುದು.

ಸರಿ, ಈಗ ಕೆಲ್ಸಕ್ಕ ಬರೋಣ. ಕೋಡ್ ಎಡಿಟರ್ ತೆರಿಯೋಕಿಂತ ಮೊದ್ಲು ಮಾಡೋ ಕೆಲಸದಿಂದ ಶುರು ಮಾಡ್ತೀನಿ.

ಹೆಜ್ಜೆ 1: ಏನೇನ್ ಓಡ್ತದ, ಅದು ಯಾರದು, ಪಟ್ಟಿ ಮಾಡ್ರಿ

ಒಂದು ಎಕ್ಸೆಲ್ ಶೀಟ್ ಸಾಕು. ಒಂದೊಂದು ವಿಡಿಯೋಕ್ಕೂ ಇಲ್ಲಾ ಚಾನೆಲ್‌ಗೂ ಒಂದು ಸಾಲು ಮಾಡ್ರಿ, ಅದ್ರಾಗ ಶೂಟ್ ಮಾಡಿದವ್ರು ಯಾರು, ಶೂಟಿಂಗಿಗೆ ರೊಕ್ಕ ಕೊಟ್ಟವ್ರು ಯಾರು, ಮಾತಾಡಿದವ್ರು ಹಾಡಿದವ್ರು ಯಾರು, ಹಿಂದ ಬರೋ ಮ್ಯೂಸಿಕ್ ಎಲ್ಲಿದು, ಪರ್ಮಿಷನ್ ಕಾಗದ ಅದನೋ ಇಲ್ಲೋ, ಇಷ್ಟು ಬರೀರಿ. ಬರ್ಕೊಂತ ಹೋದಾಗೇ ಅರ್ಧ ಗೊಂದಲ ಹೊರಗ ಬೀಳ್ತದ, ಯಾಕಂದ್ರ ಒಂದು ವಿಡಿಯೋ ಅಂದ್ರ ಒಂದೇ ಹಕ್ಕಲ್ಲ.

ನಮ್ಮ ಕಡಿ ನಾಟಕದ ವಿಡಿಯೋನೇ ತಗೊಳ್ರಿ. ನಾಟಕ ಬರ್ದ ಕವಿಗೆ ಒಂದು ಹಕ್ಕು, ಹಾಡಿನ ಸಾಹಿತ್ಯಕ್ಕ ಒಂದು, ರಾಗ ಕೂಡ್ಸಿದ ಮಾಸ್ತರಿಗೆ ಒಂದು, ಸ್ಟೇಜ್ ಮ್ಯಾಲ ಪಾರ್ಟ್ ಮಾಡಿದ ಕಲಾವಿದ್ರಿಗೆ ಕಲಾವಿದ್ರ ಹಕ್ಕು ಅಂತ ಬ್ಯಾರೆ, ಅದು 50 ವರ್ಷ ಇರ್ತದ, ಮತ್ತ ಆ ರೆಕಾರ್ಡಿಂಗ್ ಮ್ಯಾಲ ಇನ್ನೊಂದು. ಕಂಪನಿ ಮಾಲಕ್ರು "ಹಾಕ್ಕೋ ತಮ್ಮಾ" ಅಂದ್ರಂದ್ರ ಅವ್ರು ತಮ್ಮ ಪಾಲಿಂದಷ್ಟೇ ಕೊಟ್ಟಂಗಾತು, ಉಳಿದವ್ರದು ಹಂಗೇ ಉಳೀತು.

ಇಲ್ಲಿ ಎಲ್ರೂ ತಪ್ಪಾಗಿ ತಿಳ್ಕೊಳ್ಳೋದು ವಿಡಿಯೋಗ್ರಾಫರ್ ವಿಷಯ. ಕ್ಯಾಮೆರಾ ಹಿಡ್ದವಂದೇ ವಿಡಿಯೋ ಅಂತ ಅನ್ನಸ್ತದ ಖರೇ, ಆದ್ರ 17ನೇ ಸೆಕ್ಷನ್ ಪ್ರಕಾರ ಯಾರೋ ರೊಕ್ಕ ಕೊಟ್ಟು ಹೇಳಿ ಮಾಡಿಸಿದ ವಿಡಿಯೋ ಇದ್ರ, ಬ್ಯಾರೆ ಕರಾರು ಇಲ್ಲದಿದ್ರ, ಮಾಡಿಸಿದವ್ರೇ ಅದ್ರ ಮೊದಲ ಮಾಲಕ್ರು. ಅಂದ್ರ ಜಾತ್ರಿ ಕಮಿಟಿ ರೊಕ್ಕ ಕೊಟ್ಟು ರಥೋತ್ಸವದ ಡ್ರೋನ್ ಶೂಟ್ ಮಾಡಿಸಿದ್ರ, ಸ್ಟುಡಿಯೋದವನ ಹಾರ್ಡ್ ಡಿಸ್ಕಿನಿಂದ ಕಾಪಿ ಮಾಡ್ಕೊಂಡು ಬಂದು "ಪರ್ಮಿಷನ್ ಆಗ್ಯದ" ಅಂತ ಹೇಳ್ಲಿಕ್ಕ ಬರಂಗಿಲ್ಲ, ಕಮಿಟಿ ಕಾಗದ ಬೇಕು. ಅವನೇ ತನ್ನ ಖುಷಿಗೆ ತನ್ನ ಖರ್ಚಿಲೆ ಶೂಟ್ ಮಾಡಿದ್ರ ಆಗ ಅವನ ಕಾಗದ. ಮದ್ವಿ ವಿಡಿಯೋದ್ದೂ ಇದೇ ಲೆಕ್ಕ, ಹೈಲೈಟ್ಸ್ ಚಂದ ಬಂದಾವ ಅಂತ ಸ್ಟುಡಿಯೋದವ ಕೊಟ್ರ ತಗೋಬ್ಯಾಡ್ರಿ.

ಪ್ರವಚನ ಇನ್ನೊಂದು. ಶ್ರಾವಣದಾಗ ಊರೂರಾಗ ಒಂದೊಂದು ತಿಂಗಳು ಪ್ರವಚನ ನಡೀತಾವ, ಎಲ್ಲಾ ಲೈವ್ ಮಾಡಂತ ಮಠದವ್ರು ಕೇಳ್ತಾರ. ಸಭಾದಾಗ ಮಾಡಿದ ಭಾಷಣಕ್ಕ ಮೊದಲ ಮಾಲಕ್ರು ಭಾಷಣ ಮಾಡಿದವ್ರೇ ಅಂತ ಕಾಯ್ದೆ ಸ್ಪಷ್ಟ ಹೇಳ್ತದ, ಸಭಾ ಏರ್ಪಾಡು ಮಾಡಿದವ್ರು, ಜಾಗ ಕೊಟ್ಟವ್ರು ಮಾಲಕ್ರಲ್ಲ. ಹಂಗಾಗಿ ಮಠದ ಲೆಟರ್‌ಹೆಡ್ ಜೋಡಿ ಪ್ರವಚನಕಾರರ ಸಹಿನೂ ತಗೊಳ್ರಿ. ಕೇಳಿದ್ರ ಯಾರೂ ಇಲ್ಲ ಅನ್ನಂಗಿಲ್ಲ, ಕೇಳೋದೇ ನಮಗ ನಾಚ್ಕಿ.

ಜಾತ್ರಿ ಲೈವಿನಾಗ ಹಿಂದ ಡಿಜೆ ಒಳಗ ಸಿನೆಮಾ ಹಾಡು ಹೊಡೀತಿರ್ತದ ನೋಡ್ರಿ, ಅದು ಭಾಳ ಮಂದಿ ಲಕ್ಷ್ಯಕ್ಕೇ ಬರಂಗಿಲ್ಲ. ಯೂಟ್ಯೂಬಿನಾಗ ಹಾಕಿದ್ರ ಹಾಡು ಯಾರದಂತ ಗುರ್ತಿಸೋ ಅವ್ರ ಕಂಟೆಂಟ್ ಐಡಿ ವ್ಯವಸ್ಥಾ ಹಿಡ್ದು ಕ್ಲೇಮ್ ಮಾಡ್ತದ, ಇಲ್ಲಾ ಮ್ಯೂಟ್ ಮಾಡ್ತದ, ಅಲ್ಲಿಗೆ ಮುಗೀತು. ನಿಮ್ಮ ಸ್ವಂತ ಆಪಿನಾಗ ಹಂಗ ತಡಿಯೋರು ಯಾರೂ ಇಲ್ಲ, ನೇರ ನೋಟಿಸೇ ಬರ್ತದ. ಮದ್ವಿ, ಧಾರ್ಮಿಕ ಕಾರ್ಯಕ್ರಮದಾಗ ಹಾಡು ಹಾಕ್ಲಿಕ್ಕ ಕಾಯ್ದೆ 52ನೇ ಸೆಕ್ಷನ್ನಿನಾಗ ವಿನಾಯಿತಿ ಅದ, ಆದ್ರ ಅದು ಆ ಮಂಟಪಕ್ಕ ಕೊಟ್ಟದ್ದು, ಅದನ್ನ ರೆಕಾರ್ಡ್ ಮಾಡಿ ಆಡ್ ಹಾಕಿ ಆಪಿನಾಗ ಓಡಿಸ್ಲಿಕ್ಕ ಅಲ್ಲ ಅಂತ ತಿಳ್ಕೊಂಡೇ ನಡೀರಿ. ಡಿಜೆ ಮೈಕ್ ಕಡಿಂದ ಆಡಿಯೋ ತಗೋಬ್ಯಾಡ್ರಿ, ಡೊಳ್ಳು, ಹಲಗಿ, ಪುರವಂತಿಕಿ ಇರೋ ಕಡಿ ಮೈಕ್ ಇಡ್ರಿ. ಕೇಳ್ಲಿಕ್ಕೂ ಅದೇ ಚಂದ.

ಹೆಜ್ಜೆ 2: "ನಾವ್ ಹೋಸ್ಟ್ ಮಾಡಿಲ್ಲ, ಬರೇ ಲಿಂಕ್ ಕೊಟ್ಟೀವಿ" ಅನ್ನೋದನ್ನ ಬಿಡ್ರಿ

ನೂರಕ್ಕ ತೊಂಬತ್ತು ಐಪಿಟಿವಿ (ಇಂಟರ್ನೆಟ್ ಮ್ಯಾಲ ಟಿವಿ ಚಾನೆಲ್ ತೋರ್ಸೋ) ಆಪ್ ಮಾಡೋರು ನಂಬ್ಕೊಂಡಿರೋ ಮಂತ್ರ ಇದು. ಫೈಲ್ ನಮ್ಮ ಸರ್ವರಿನಾಗ ಇಲ್ಲ, ಕೋಡ್ ಹಂಚ್ಕೊಳೋ ಗಿಟ್‌ಹಬ್ ಸೈಟಿನಾಗ ಸಿಕ್ಕ ಪ್ಲೇಲಿಸ್ಟ್ (ಚಾನೆಲ್ ಲಿಂಕಿನ ಪಟ್ಟಿ) ಹಾಕೀವಿ, ನಮಗೇನ್ ಸಂಬಂಧ ಅಂತಾರ. ಕಾಯ್ದೆ ಕೇಳೋದು ಫೈಲ್ ಎಲ್ಲಿ ಅದ ಅಂತ ಅಲ್ಲ, ಕೃತಿನ ಸಾರ್ವಜನಿಕರಿಗೆ ತಲುಪಿಸೋ ಕೆಲಸ ಯಾರು ಮಾಡಿದ್ರು ಅಂತ. ಜನ ನೋಡ್ಲಿ, ಕೇಳ್ಲಿ ಅಂತ ಒದಗಿಸಿದ್ರ ಸಾಕು, ಒಬ್ರೂ ಖರೇ ನೋಡ್ಲಿಲ್ಲಂದ್ರೂ ಅದು ತಲುಪಿಸಿದಂಗೇ ಅಂತ ಕಾಯ್ದೆ ವ್ಯಾಖ್ಯಾನದಾಗೇ ಅದ. ಯುರೋಪಿನ ಕೋರ್ಟ್ 2017ರ ಏಪ್ರಿಲ್‌ನಾಗ ಒಂದು ಕೇಸಿನಾಗ, ಕದ್ದ ಸಿನೆಮಾ ಸೈಟಿಗೆ ಲಿಂಕ್ ಇರೋ ಆಡ್‌ಆನ್ (ಕೂಡಿಸೋ ಸಣ್ಣ ಸಾಫ್ಟ್‌ವೇರ್) ಮೊದ್ಲೇ ಹಾಕಿಟ್ಟ ಟಿವಿ ಬಾಕ್ಸ್ ಮಾರೋದು ಸುದ್ದಾ ಉಲ್ಲಂಘನೆನೇ ಅಂತ ಹೇಳ್ತು, ಆ ಮನ್ಷಾನೂ ಒಂದು ಫೈಲೂ ತನ್ನ ಕಡಿ ಇಟ್ಕೊಂಡಿರ್ಲಿಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ 2005ರಾಗ ಗ್ರಾಕ್‌ಸ್ಟರ್ ಕೇಸಿನಾಗ ಕದಿಯೋಕ ಪ್ರೋತ್ಸಾಹ ಕೊಟ್ಟು ಸಾಫ್ಟ್‌ವೇರ್ ಹಂಚಿದವ್ರೂ ಹೊಣಿ ಅಂತು. ಆ ತೀರ್ಪು ನಮ್ಮ ಕೋರ್ಟಿಗೆ ಕಟ್ಟಳಿ ಅಲ್ಲ, ಆದ್ರ ಪ್ಲೇ ಸ್ಟೋರ್ ಅಮೆರಿಕದ ಕಂಪನಿದು, ಅವ್ರ ಪಾಲಿಸಿನೂ ಇದನ್ನೇ ಹೇಳ್ತದ, ಉಲ್ಲಂಘನೆಗೆ ಹುರುಪು ಕೊಡೋ ಆಪ್ ನಡಿಯಂಗಿಲ್ಲ ಅಂತ.

ಹಂಗಾದ್ರ ವಿಎಲ್‌ಸಿ ಅನ್ನೋ ವಿಡಿಯೋ ಆಪ್ ಹ್ಯಾಂಗ ನಡೀತದ ಅಂತ ಕೇಳ್ತೀರಿ. ಅದು ಖಾಲಿ ಪ್ಲೇಯರ್, ತನ್ನ ಕಡಿಂದ ಒಂದು ಚಾನೆಲ್ಲೂ ಕೊಡಂಗಿಲ್ಲ, "ಎಲ್ಲಾ ಪೇ ಚಾನೆಲ್ ಫ್ರೀ" ಅಂತ ಹೇಳ್ಕೊಳಂಗೂ ಇಲ್ಲ. ನೀವು ಬರೇ ಪ್ಲೇಯರ್ ಮಾಡೋದಿದ್ರ ಹಂಗೇ ಮಾಡ್ರಿ: ಒಳಗ ಪ್ಲೇಲಿಸ್ಟ್ ಇರಬಾರ್ದು, ಪ್ಲೇಲಿಸ್ಟ್ ಎಲ್ಲಿ ಸಿಗ್ತದ ಅಂತ ಟೆಲಿಗ್ರಾಂ ಗ್ರೂಪ್ ನಡಿಸಬಾರ್ದು, ಸ್ಕ್ರೀನ್‌ಶಾಟಿನಾಗ ಕ್ರಿಕೆಟ್ ಮ್ಯಾಚ್, ಚಾನೆಲ್ ಲೋಗೋ ಇರಬಾರ್ದು. ಆಪ್ ಖಾಲಿ ಇಟ್ಟು ಫೈರ್‌ಬೇಸ್ ರಿಮೋಟ್ ಕಾನ್ಫಿಗಿಂದ (ದೂರದಿಂದಾನೇ ಆಪ್ ಬದ್ಲು ಮಾಡೋ ಗೂಗಲ್ ಸೌಲಭ್ಯದಿಂದ) ಸ್ಟೋರಿನವ್ರ ರಿವ್ಯೂ ಆದ ಮ್ಯಾಲ ಲಿಂಕ್ ತುಂಬೋ ಶಾಣ್ಯಾತನ ಭಾಳ ಮಂದಿ ಮಾಡ್ತಾರ, ಅದು ಇನ್ನೂ ಕೆಟ್ಟದ್ದು, ಯಾಕಂದ್ರ ಗೊತ್ತಿದ್ದೇ ಮಾಡಿದ್ದು ಅಂತ ನೀವೇ ಸಾಕ್ಷಿ ಬರ್ದು ಕೊಟ್ಟಂಗ ಆಗ್ತದ.

ಇಷ್ಟು ನೆಟ್ಟಗಿದ್ರೂ ಏಟು ಬೀಳಬಹುದು, ಅದನ್ನೂ ಹೇಳ್ಬೇಕು. 2023ರಾಗ ಡೌನ್‌ಲೋಡರ್ ಅನ್ನೋ ಆಪ್ ಪ್ಲೇ ಸ್ಟೋರಿನಿಂದ ಹೋಯ್ತು. ಅದ್ರಾಗ ಇದ್ದದ್ದು ಫೈಲ್ ಮ್ಯಾನೇಜರ್ ಮತ್ತ ಒಂದು ಸಾದಾ ಬ್ರೌಸರ್, ಅಷ್ಟೇ. ಆ ಬ್ರೌಸರಿನಾಗ ಪೈರಸಿ ಸೈಟ್ ತೆರಿಬಹುದು ಅಂತ ಇಸ್ರೇಲಿನ ಟಿವಿ ಕಂಪನಿಗಳ ಪರವಾಗಿ ನೋಟಿಸ್ ಬಂದಿತ್ತು. ಆಪ್ ಮಾಡಿದವ ಕೌಂಟರ್ ನೋಟಿಸ್ (ದೂರು ತಪ್ಪು ಅಂತ ಎದುರು ಉತ್ತರ) ಹಾಕಿ ಕೆಲವು ವಾರ ಕಾಯ್ದು ವಾಪಸ್ ಪಡ್ಕೊಂಡ. ಅವನ ಕೈಯಾಗ ಮಾತಿಗೆ ಹಿಡಿ ಇತ್ತು, ಪ್ಲೇಲಿಸ್ಟ್ ಹಾಕಿದವ್ರಿಗೆ ಆ ಹಿಡಿ ಇರಂಗಿಲ್ಲ.

ಹೆಜ್ಜೆ 3: ಫ್ರೀ ಚಾನೆಲ್, ಕೇಬಲ್ ಚಾನೆಲ್ ಲೆಕ್ಕ

ಫ್ರೀ ಡಿಶ್‌ನಾಗ ಬಿಟ್ಟಿ ಬರ್ತದ ಅಂದ ಮಾತ್ರಕ್ಕ ನೀವು ಅದನ್ನ ಹಿಡ್ದು ಇಂಟರ್ನೆಟ್ಟಿನಾಗ ಹರಿ ಬಿಡಬಹುದು ಅಂತ ಅರ್ಥ ಅಲ್ಲ. ಪ್ರಸಾರ ಮಾಡಿದವ್ರಿಗೆ 37ನೇ ಸೆಕ್ಷನ್ನಿನಾಗ 25 ವರ್ಷದ ಹಕ್ಕು ಅದ, ಅದು ದೂರದರ್ಶನಕ್ಕೂ ಅದ. ಕ್ರಿಕೆಟ್ ಮ್ಯಾಚು ಡಿಡಿ ಸ್ಪೋರ್ಟ್ಸ್‌ನಾಗ ಬಂತಲ್ಲ ಅಂತಾರ, 2007ರ ಕಾಯ್ದೆ ಪ್ರಕಾರ ಹಕ್ಕು ತಗೊಂಡ ಕಂಪನಿ ಆ ಸಿಗ್ನಲ್ ಪ್ರಸಾರ ಭಾರತಿಗೆ ಕೊಡ್ಬೇಕು ಖರೇ, ಆದ್ರ ಅದನ್ನ ಪ್ರಸಾರ ಭಾರತಿಯವ್ರು ತಮ್ಮ ಟವರ್ ಮತ್ತ ತಮ್ಮ ಡಿಟಿಎಚ್‌ನಾಗಷ್ಟೇ ತೋರಿಸ್ಬೇಕು, ಖಾಸಗಿ ಕೇಬಲಿಗೂ ಕೊಡಬಾರ್ದು ಅಂತ 2017ರಾಗ ಸುಪ್ರೀಂ ಕೋರ್ಟ್ ಹೇಳ್ಯದ. ಕೇಬಲಿಗೇ ಇಲ್ಲದ್ದು ನಿಮ್ಮ ಆಪಿಗೆ ಎಲ್ಲಿಂದ ಬಂತು?

ಕೇಬಲ್‌ನವ್ರು ಕೆಲಸ ಕೊಟ್ರ ಅವ್ರ ಕರಾರು ಕೇಳಿ ಓದ್ರಿ. ಅವ್ರಿಗೆ ಚಾನೆಲ್‌ನವ್ರು ಕೊಟ್ಟಿರೋದು ಕೇಬಲ್ ಜಾಲದ ಮ್ಯಾಲ ಮನೀಗೆ ಮುಟ್ಟಿಸೋ ಪರ್ಮಿಷನ್, ಅದ್ರಾಗ ಮೊಬೈಲ್ ಆಪ್, ಇಂಟರ್ನೆಟ್ ಅನ್ನೋ ಶಬ್ದ ಇಲ್ಲಾಂದ್ರ ಇಲ್ಲ, ಮುಗೀತು. ಅವ್ರದೇ ಲೋಕಲ್ ಚಾನೆಲ್, ಅವ್ರೇ ಮಾಡಿದ ಊರ ಸುದ್ದಿ, ಅದನ್ನ ಹಾಕ್ರಿ, ಖುಷಿಲೆ ಹಾಕ್ರಿ. ಆದ್ರ ಆ ಲೋಕಲ್ ಚಾನೆಲ್‌ನಾಗ ರಾತ್ರಿ ಒಂಬತ್ತಕ್ಕ ಹಾಕೋ ಸಿನೆಮಾ ಎಲ್ಲಿಂದ ಬಂತು ಅಂತ ಸುದ್ದಾ ಕೇಳ್ಬೇಕಾಗ್ತದ, ಆವಾಗ ಎದುರಿನವ್ರ ಮುಖ ನೋಡ್ರಿ.

ಹೆಜ್ಜೆ 4: ಯೂಟ್ಯೂಬ್ ವಿಡಿಯೋ ತೋರಿಸೋದಿದ್ರ

ಸಣ್ಣ ಬಜೆಟ್ಟಿನವ್ರಿಗೆ ನನ್ನ ಸಲಹಾ ಇದೇ, ಕಸ್ಟಮರ್ ತಮ್ಮ ಯೂಟ್ಯೂಬ್ ಚಾನೆಲ್ಲಿಗೇ ಹಾಕ್ಲಿ, ನೀವು ಯೂಟ್ಯೂಬ್ ಕೊಡೋ ಎಂಬೆಡ್ ಪ್ಲೇಯರಿಂದಾನೇ (ಬ್ಯಾರೆ ಆಪಿನೊಳಗ ಕೂಡಸ್ಲಿಕ್ಕ ಅವ್ರೇ ಕೊಡೋ ಪ್ಲೇಯರ್) ಆಪಿನಾಗ ತೋರ್ಸ್ರಿ. ಷರತ್ತು ಅವ: ಡೌನ್‌ಲೋಡ್ ಬಟನ್ ಇಡಬಾರ್ದು, ಆಡ್ ತಗೀಬಾರ್ದು, ಸ್ಕ್ರೀನ್ ಆಫ್ ಆದಾಗ ಹಿಂದಿಂದ ಆಡಿಯೋ ಓಡಿಸಬಾರ್ದು, ವಿಡಿಯೋದಿಂದ ಆಡಿಯೋ ಬ್ಯಾರೆ ಮಾಡಬಾರ್ದು, ಪ್ಲೇಯರ್ 200 ಪಿಕ್ಸೆಲ್‌ಗಿಂತ ಸಣ್ಣದು ಇರಬಾರ್ದು, ಅದ್ರ ಮ್ಯಾಲ ನಿಮ್ಮ ಬ್ಯಾನರ್ ಕೂಡಸಬಾರ್ದು. ಎಂಪಿ4 ಲಿಂಕ್ ತೆಗ್ದು ಎಕ್ಸೋಪ್ಲೇಯರಿಗೆ ಕೊಡೋ ಲೈಬ್ರರಿ ಸಿಗ್ತಾವ, ಅವನ್ನ ಮುಟ್ಟಬ್ಯಾಡ್ರಿ. ಬ್ಯಾರೆಯವ್ರ ಓಟಿಟಿ ಸೈಟ್ ವೆಬ್‌ವ್ಯೂನಾಗ (ಆಪಿನೊಳಗೇ ವೆಬ್ ಪೇಜ್ ತೋರ್ಸೋ ಕಿಟಕಿಯಾಗ) ತೆರ್ದು ಮ್ಯಾಲ ನಿಮ್ಮ ಆಡ್ ಹಾಕೋದೂ ಪ್ಲೇ ಸ್ಟೋರ್ ಪಾಲಿಸಿಗೆ ವಿರುದ್ಧ, ಸೈಟ್ ಮಾಲಕ್ರ ಒಪ್ಪಿಗಿ ಬೇಕು. ಎಂಬೆಡ್ ಮಾಡೋ ವಿಡಿಯೋ ಸುದ್ದಾ ಖರೇ ಮಾಲಕ್ರ ಚಾನೆಲ್ಲಿಂದಾನೇ ಇರ್ಲಿ, ಯಾರೋ ಕದ್ದು ಹಾಕಿದ್ದನ್ನ ಎಂಬೆಡ್ ಮಾಡಿದ್ರ ಎರಡನೇ ಹೆಜ್ಜಿಯೊಳಗ ಹೇಳಿದ ಮಾತಿಗೇ ಬಂದು ನಿಲ್ತೀರಿ.

ಹೆಜ್ಜೆ 5: ಪರ್ಮಿಷನ್ ಕಾಗದ, ಇದ್ರಾಗ ಏನೇನ್ ಇರಬೇಕು

ಲೇಖನದಾಗ ಬ್ಯಾರೆ ಏನೂ ಓದ್ಲಿಲ್ಲಂದ್ರೂ ಇದೊಂದು ಓದ್ರಿ. ವಾಟ್ಸಾಪಿನಾಗ ಥಂಬ್ಸ್ ಅಪ್ ಹಾಕಿದ್ದು, ಫೋನಿನಾಗ "ಹೂಂ ಹಾಕ್ಕೋರಿ" ಅಂದದ್ದು ಕೋರ್ಟಿನಾಗ ನಿಲ್ಲೋದು ಕಷ್ಟ, ಲೈಸೆನ್ಸ್ ಬರವಣಿಗಿ ಒಳಗೇ ಇರಬೇಕು ಅಂತ ಕಾಯ್ದೆ ಹೇಳ್ತದ.

ಕಾಗದದಾಗ ಮೊದ್ಲು ಕೃತಿ ಯಾವ್ದು ಅಂತ ಹೆಸ್ರು ಹಿಡ್ದು ಬರೀರಿ, "ನಮ್ಮ ಎಲ್ಲಾ ವಿಡಿಯೋಗಳು" ಅಂತ ಬರದ್ರ ನಾಳಿ ಜಗಳ ಗ್ಯಾರಂಟಿ. ಆಮ್ಯಾಲ ಯಾವ ಹಕ್ಕು ಅಂತ: ಇಂಟರ್ನೆಟ್ ಸ್ಟ್ರೀಮಿಂಗ್, ಮೊಬೈಲ್ ಆಪ್, ಸ್ಮಾರ್ಟ್ ಟಿವಿ ಆಪ್, ಡೌನ್‌ಲೋಡ್, ಲೈವ್, ಒಂದೊಂದೂ ಬ್ಯಾರೆ ಬ್ಯಾರೆ ಬರೀರಿ. ಯಾಕಂದ್ರ 2012ರ ತಿದ್ದುಪಡಿ ಆದ ಮ್ಯಾಲ, ಕರಾರು ಮಾಡೋ ಹೊತ್ತಿಗೆ ಇಲ್ಲದ ಮಾಧ್ಯಮಕ್ಕ ಹಕ್ಕು ಕೊಡ್ಲಿಕ್ಕ ಬರಂಗಿಲ್ಲ, ಅದ್ರ ಹೆಸ್ರು ಕರಾರಿನಾಗ ಹಾಕಿರ್ಲಿಲ್ಲಂದ್ರ. ಹಳೇ ಕ್ಯಾಸೆಟ್ ಕಂಪನಿ ಕರಾರು ತಂದು ತೋರ್ಸೋರಿಗೆ ಈ ಪ್ರಶ್ನಿ ಕೇಳ್ಲೇಬೇಕು, ಕ್ಯಾಸೆಟ್ ಹಕ್ಕು ತಗೊಂಡವ್ರು ಸ್ಟ್ರೀಮಿಂಗ್ ಹಕ್ಕು ನಿಮಗ ಹ್ಯಾಂಗ ಕೊಡ್ತಾರ?

ಅವಧಿ ಬರೀದಿದ್ರ 5 ವರ್ಷ ಅಂತ ಕಾಯ್ದೆ ತಾನೇ ಹಿಡೀತದ. ಜಾಗ ಬರೀದಿದ್ರ ಭಾರತದೊಳಗಷ್ಟೇ ಅಂತ ಹಿಡೀತದ. ಇದು ನಮ್ಮ ಕಡಿ ಭಾಳ ಮುಖ್ಯ, ಯಾಕಂದ್ರ ಬೀದರ್ ಕಡಿ ಮಂದಿ, ಕಲಬುರಗಿ ಮಂದಿ ಸೌದಿ, ದುಬೈನಾಗ ಎಷ್ಟು ಮಂದಿ ಅದಾರ, ಉರುಸು, ಜಾತ್ರಿ, ಪ್ರವಚನ ನೋಡೋರು ಅವ್ರೇ ಜಾಸ್ತಿ, ಪ್ಲೇ ಕನ್ಸೋಲಿನಾಗ (ಪ್ಲೇ ಸ್ಟೋರಿಗೆ ಆಪ್ ಹಾಕೋ ಪೇಜಿನಾಗ) ಕಣ್ಣು ಮುಚ್ಚಿ ಎಲ್ಲಾ ದೇಶ ಟಿಕ್ ಮಾಡಿರ್ತೀರಿ, ಕಾಗದ ನೋಡಿದ್ರ ಭಾರತಕ್ಕಷ್ಟೇ. "ಜಗತ್ತಿನಾದ್ಯಂತ" ಅಂತ ಬರ್ಸ್ಕೊಳ್ರಿ, ಇಲ್ಲಾ ಕನ್ಸೋಲಿನಾಗ ಇಂಡಿಯಾ ಒಂದೇ ಇಡ್ರಿ. ಇನ್ನೊಂದು, ಹಕ್ಕು ತಗೊಂಡು ಒಂದು ವರ್ಷ ಬಳಸ್ದ ಇಟ್ರ, ಬ್ಯಾರೆ ಮಾತು ಬರೀದಿದ್ರ, ಅದು ಬಿದ್ದು ಹೋಗ್ತದ.

ಆಡ್ ಹಾಕ್ತೀವಿ, ಸಬ್‌ಸ್ಕ್ರಿಪ್ಷನ್ ತಗೋತೀವಿ ಅನ್ನೋದೂ ಬರೀರಿ. ರೊಕ್ಕ ಬರ್ಲಾಕ ಶುರು ಆದ ದಿನಾನೇ ಸಂಬಂಧ ಕೆಡೋದು. ಕೊನೀಗೆ, ಕೊಟ್ಟವ್ರು "ಈ ಹಕ್ಕು ಕೊಡೋ ಅಧಿಕಾರ ನನಗ ಅದ, ಮೂರನೇಯವ್ರು ಕೇಸ್ ಹಾಕಿದ್ರ ಖರ್ಚು ನಂದು" ಅಂತ ಒಂದು ಸಾಲು ಬರ್ದು ಕೊಡ್ಲಿ. ಆ ಸಾಲಿಗೆ ಸಹಿ ಹಾಕ್ಲಿಕ್ಕ ಹಿಂದ ಮುಂದ ನೋಡಿದ್ರ ನಿಮಗ ಉತ್ತರ ಅಲ್ಲೇ ಸಿಕ್ಕಂಗ.

ಸಿನೆಮಾ ಹಾಡು, ಆಲ್ಬಂ ಹಾಡು ಬೇಕಂದ್ರ ಲೇಬಲ್ ಕಂಪನಿ ಜೋಡಿ ನೇರ ಮಾತಾಡ್ಬೇಕು, ಸಾಹಿತ್ಯ ಮತ್ತ ರಾಗದ ಹಕ್ಕಿಗೆ ಐಪಿಆರ್‌ಎಸ್ ಅನ್ನೋ ಹಾಡು ಬರ್ದವ್ರ, ರಾಗ ಕೂಡ್ಸಿದವ್ರ ಸಂಸ್ಥೆ ಅದ. ರೇಡಿಯೋದವ್ರಿಗೆ ಇರೋ ಹಂಗ ಕಾಯ್ದೆ ದರ ಕಟ್ಟಿ ಹಾಕ್ಕೋತೀವಿ ಅನ್ನೋ ದಾರಿ ಇಂಟರ್ನೆಟ್ ಸ್ಟ್ರೀಮಿಂಗಿಗೆ ಇಲ್ಲ ಅಂತ ಬಾಂಬೆ ಹೈಕೋರ್ಟ್ 2019ರಾಗ ಹೇಳಿ ಆಗ್ಯದ.

ಹೆಜ್ಜೆ 6: ಹಳೇದು ಅಂದ್ರ ಫ್ರೀ ಅಲ್ಲ, ಆದ್ರ ಕೆಲವು ಖರೇ ಫ್ರೀ

ಸಿನೆಮಾ ಮತ್ತ ಧ್ವನಿಮುದ್ರಣಕ್ಕ ಬಿಡುಗಡೆ ಆದ ಮುಂದಿನ ವರ್ಷದಿಂದ 60 ವರ್ಷ. 1954ರಾಗ ಬಿಡುಗಡೆ ಆದ ಸಿನೆಮಾದ ಹಕ್ಕು 2014ರ ಕೊನೀಗೆ ಮುಗೀತು. ಹಂಗಂತ ಕುಣೀಬ್ಯಾಡ್ರಿ, ಒಳಗಿನ ಸಾಹಿತ್ಯ, ಸಂಗೀತದ ಹಕ್ಕು ಬರ್ದವ್ರು ತೀರಿದ ಮ್ಯಾಲ 60 ವರ್ಷತನಾ ಇರ್ತದ, ಆ ಲೆಕ್ಕ ಬ್ಯಾರೆ ಹಾಕ್ಬೇಕು.

ನಮ್ಮ ಕಡಿ ದೊಡ್ಡ ಆಸ್ತಿ ಅಂದ್ರ ವಚನ ಮತ್ತ ತತ್ವಪದ. 12ನೇ ಶತಮಾನದ ಶರಣರ ವಚನಕ್ಕ, ಕಡಕೋಳ ಮಡಿವಾಳಪ್ಪನವ್ರ ಪದಕ್ಕ ಇವತ್ತು ಯಾರ ಕಾಪಿರೈಟೂ ಇಲ್ಲ. ಆದ್ರ ಅವನ್ನ ಹಾಡಿದವ್ರ ರೆಕಾರ್ಡಿಂಗಿಗೆ ಅದ, ಅರ್ಥ ಬರ್ದವ್ರ ವ್ಯಾಖ್ಯಾನಕ್ಕ ಅದ, ಬ್ಯಾರೆ ಭಾಷಾಕ್ಕ ಮಾಡಿದ ಅನುವಾದಕ್ಕೂ ಅದ. ಊರ ಭಜನಾ ಮಂಡಳಿಯವ್ರನ್ನ ಕೂಡಿಸಿ, ಮರ್ಯಾದಿ ಮಾಡಿ, ಎಲ್ರ ಸಹಿ ತಗೊಂಡು, ಹೊಸದಾಗಿ ರೆಕಾರ್ಡ್ ಮಾಡಿ ಹಾಕಿದ್ರ ನಿಮ್ಮ ಆಪಿಗೆ ಬ್ಯಾರೆ ಯಾರಲ್ಲೂ ಇಲ್ಲದ ಮಾಲು ಸಿಗ್ತದ, ನೋಟಿಸಿನ ಹೆದರ್ಕಿನೂ ಇಲ್ಲ. ಸುಳ್ಳ ಐಪಿಟಿವಿ ಹಿಂದ ಓಡೋಕಿಂತ ಇದು ಸಾವಿರ ಪಾಲು ಬೇಸ್ ಅಂತ ನನ್ನ ಅಭಿಪ್ರಾಯ.

ಕ್ರಿಯೇಟಿವ್ ಕಾಮನ್ಸ್ ವಿಡಿಯೋ (ಮಾಲಕ್ರೇ ಷರತ್ತು ಹಾಕಿ ಎಲ್ರೂ ಬಳಸ್ಲಿ ಅಂತ ಬಿಟ್ಟದ್ದು) ಬಳಸಿದ್ರ ಲೈಸೆನ್ಸಿನಾಗ ವ್ಯಾಪಾರಕ್ಕಲ್ಲ ಅಂತ ಅದನೋ ನೋಡ್ರಿ, ಆಡ್ ಇರೋ ಆಪಿಗೆ ಅದು ಬ್ಯಾಡ. ಮತ್ತ ಮೂವತ್ತು ಸೆಕೆಂಡ್ ಹಾಕಿದ್ರ ನಡೀತದ ಅನ್ನೋ ಮಾತು ಯಾವ ಕಾಯ್ದೆದಾಗೂ ಇಲ್ಲ, "ಎಲ್ಲಾ ಹಕ್ಕು ಮೂಲ ಮಾಲಕ್ರದು" ಅಂತ ಕೆಳಗ ಬರಿಯೋದ್ರಿಂದ ಏನೂ ಆಗಂಗಿಲ್ಲ. ವಿಮರ್ಶೆ, ಸುದ್ದಿ ವರದಿ ಸಲುವಾಗಿ ನ್ಯಾಯವಾಗಿ ಬಳಸ್ಲಿಕ್ಕ ಅವಕಾಶ ಅದ, ಇಡೀ ಎಪಿಸೋಡ್ ಹಾಕಿ ವಿಮರ್ಶೆ ಅನ್ನೋದಕ್ಕಲ್ಲ.

ಹೆಜ್ಜೆ 7: ಕೋಡಿಗೂ ಮಾಲಕ್ರು ಇರ್ತಾರ

ಲೈವ್ ಟಿವಿ ಆಪ್ ಟೆಂಪ್ಲೇಟ್ ಕೋಡ್‌ಕ್ಯಾನ್ಯಾನ್ ಅನ್ನೋ ಕೋಡ್ ಮಾರೋ ಸೈಟಿನಾಗ ಸಿಗ್ತಾವ. ರೆಗ್ಯುಲರ್ ಲೈಸೆನ್ಸ್ ಒಂದೇ ಆಪಿಗೆ, ಅದೂ ಬಳಸೋರಿಂದ ರೊಕ್ಕ ತಗೊಳ್ಳದಿದ್ರ. ಸಬ್‌ಸ್ಕ್ರಿಪ್ಷನ್ ಇಟ್ರ ಎಕ್ಸ್‌ಟೆಂಡೆಡ್ ಬೇಕು. ಟೆಂಪ್ಲೇಟ್ ಜೋಡಿ ಡೆಮೋಕ್ಕ ಅಂತ ಬಂದ ಚಾನೆಲ್ ಪಟ್ಟಿ ಮೊದ್ಲು ಅಳಿಸಿ ಹಾಕ್ರಿ. ಟೆಲಿಗ್ರಾಂನಾಗ ಸಿಗೋ ನಲ್ಡ್ ಕೋಡ್ (ಲೈಸೆನ್ಸ್ ಒಡ್ದು ಬಿಟ್ಟಿ ಹಂಚೋ ಕೋಡ್) ಗೊತ್ತಿದ್ದೂ ಬಳಸಿದ್ರ 63ಬಿ ಸೆಕ್ಷನ್, ಕಮ್ಮಿ ಅಂದ್ರ 7 ದಿನ, ಜಾಸ್ತಿ ಅಂದ್ರ 3 ವರ್ಷ. ಎಕ್ಸೋಪ್ಲೇಯರ್ ಅಪಾಚೆ ಲೈಸೆನ್ಸ್, ನಿಮ್ಮ ಸೋರ್ಸ್ ಕೋಡ್ ಕೊಡು ಅಂತ ಕೇಳಂಗಿಲ್ಲ, ಆರಾಮ. ವಿಡಿಯೋ ಪರಿವರ್ತನೆ ಮಾಡೋ ಎಫ್‌ಎಫ್‌ಎಂಪೆಗ್‌ದು ಎಲ್‌ಜಿಪಿಎಲ್ ಅನ್ನೋ ಸಡಿಲ ಲೈಸೆನ್ಸ್, ಆದ್ರ ಎಕ್ಸ್264 (ವಿಡಿಯೋ ಕುಗ್ಗಿಸೋ ಕೋಡ್) ಹಂಥ, ಜಿಪಿಎಲ್ ಅನ್ನೋ ಬಿಗಿ ಲೈಸೆನ್ಸಿನ ಭಾಗ ಕೂಡಿಸಿ ಬಿಲ್ಡ್ ಮಾಡಿದ್ರ ಇಡೀದು ಜಿಪಿಎಲ್ ಆಗ್ತದ, ನಿಮ್ಮ ಸೋರ್ಸ್ ಕೊಡ್ಬೇಕಾಗ್ತದ. ರೆಡಿಮೇಡ್ ಬಿಲ್ಡ್ ತಗೊಂಡಾಗ ಯಾವ ಫ್ಲ್ಯಾಗ್ (ಬಿಲ್ಡ್ ಮಾಡೋವಾಗ ಆರಿಸಿದ ಆಯ್ಕೆ) ಹಾಕ್ಯಾರ ಅಂತ ನೋಡ್ರಿ.

ಡಿಆರ್‌ಎಂ (ವಿಡಿಯೋ ಕಾಪಿ ಆಗದಂಗ ಹಾಕಿದ ಬೀಗ) ಒಡ್ದು ಕೀ ತಗಿಯೋದು, ಓಟಿಟಿಯವ್ರ ಎನ್‌ಕ್ರಿಪ್ಷನ್ ದಾಟಿ ಸ್ಟ್ರೀಮ್ ಎಳಿಯೋದು 65ಎ ಸೆಕ್ಷನ್, 2 ವರ್ಷತನಾ ಜೈಲು ಮತ್ತ ದಂಡ. ಇದ್ರ ಬಗ್ಗೆ ಜಾಸ್ತಿ ಹೇಳೋದಿಲ್ಲ, ಮಾಡ್ಬ್ಯಾಡ್ರಿ ಅಷ್ಟೇ.

ಹೆಜ್ಜೆ 8: ಸ್ಟೋರ್ ಪೇಜು ಮತ್ತ ಯಾರ ಅಕೌಂಟು

ಸಿನೆಮಾ ಪೋಸ್ಟರ್, ಹೀರೋ ಮುಖ, ಚಾನೆಲ್ ಲೋಗೋ ಐಕಾನಿನಾಗ ಸ್ಕ್ರೀನ್‌ಶಾಟಿನಾಗ ಹಾಕಿದ್ರ ಒಳಗಿನ ವಿಡಿಯೋ ಸರಿ ಇದ್ರೂ ಆಪ್ ಬೀಳ್ತದ. ಪೋಸ್ಟರಿಗೆ ಟಿಎಂಡಿಬಿ ಎಪಿಐ (ಸಿನೆಮಾ ಮಾಹಿತಿ ಸೈಟಿಂದ ಪೋಸ್ಟರ್ ತರ್ಸೋ ಸೌಲಭ್ಯ) ಬಳಸೋರು, ಅದು ಬಿಟ್ಟಿ ಇರೋದು ವ್ಯಾಪಾರ ಅಲ್ಲದ ಬಳಕಿಗೆ ಮಾತ್ರ ಅಂತ ನೆನಪಿಡ್ರಿ. ಕಾಗದ ಕೈಯಾಗ ಇದ್ರ ಸಬ್ಮಿಟ್ ಮಾಡೋಕಿಂತ ಮೊದ್ಲೇ ಪ್ಲೇ ರಿವ್ಯೂ ಟೀಮಿಗೆ ಕಳಿಸ್ಲಿಕ್ಕ ಮುಂಗಡ ಫಾರಂ ಅದ, ಬಳಸ್ರಿ. ಐಫೋನಿಗೂ ಮಾಡೋದಿದ್ರ ಆಪಲ್‌ನವ್ರು 5.2 ನಿಯಮದ ಕೆಳಗ ಪರ್ಮಿಷನ್ ಕಾಗದ ತಾವೇ ಕೇಳಬಹುದು.

ಈಗ ಅಕೌಂಟ್ ಮಾತು. ಕಸ್ಟಮರ್ ಆಪ್ ನಿಮ್ಮ ಸ್ವಂತ ಅಕೌಂಟಿನಿಂದ ಪಬ್ಲಿಶ್ ಮಾಡ್ಬ್ಯಾಡ್ರಿ. 25 ಡಾಲರ್ ಒಂದೇ ಸಲ ಕಟ್ಟೋದು, ಅವ್ರ ಹೆಸ್ರಿಲೇ ತೆಗಿಸ್ರಿ. ಒಂದು ಆಪಿನ ಮ್ಯಾಲ ಮತ್ತ ಮತ್ತ ದೂರು ಬಂದ್ರ ಅಕೌಂಟೇ ಮುಚ್ಚತಾರ, ಅದ್ರ ಜೋಡಿ ಸಂಬಂಧ ಇರೋ ಬ್ಯಾರೆ ಅಕೌಂಟೂ ಮುಚ್ಚತಾರ, ನಿಮ್ಮ ಉಳಿದ ಕಸ್ಟಮರ್ ಆಪೆಲ್ಲಾ ಒಂದೇ ಏಟಿಗೆ ಹೋಗ್ತಾವ, ಆಡ್‌ಮಾಬ್‌ನಾಗ ಬರ್ಬೇಕಾದ ರೊಕ್ಕನೂ ಸಿಕ್ಕಿ ಬೀಳ್ತದ. ಅಕ್ಕನ ಹೆಸ್ರಿಲೆ, ಗೆಳ್ಯಾನ ಹೆಸ್ರಿಲೆ ಹೊಸದು ತೆಗ್ದು ಅದೇ ಲ್ಯಾಪ್‌ಟಾಪಿನಾಗ ಕೂಡೋದು ಉಪಾಯ ಅಲ್ಲ. ಮತ್ತ ನಿಮ್ಮ ಕೊಟೇಷನ್ನಿನಾಗೇ ಬರೀರಿ, ಕಂಟೆಂಟಿನ ಹಕ್ಕಿನ ಹೊಣಿ ಕಸ್ಟಮರ್‌ದು, ಕಾಗದ ಕೊಡೋತನಾ ಪಬ್ಲಿಶ್ ಆಗಂಗಿಲ್ಲ ಅಂತ. ಆದ್ರ ಆ ಕರಾರು ನಿಮ್ಮಿಬ್ರ ನಡುವಿಂದು, ಕದ್ದ ಮಾಲು ಅಂತ ಗೊತ್ತಿದ್ದೂ ಮಾಡಿಕೊಟ್ರ ಪೊಲೀಸ್ರ ಮುಂದ ಅದು ಕಾಪಾಡಂಗಿಲ್ಲ.

ಹೆಜ್ಜೆ 9: ಬಳಸೋರು ತಾವೇ ಅಪ್‌ಲೋಡ್ ಮಾಡೋ ಆಪ್ ಇದ್ರ

ಆಗ ನಿಮಗ ಐಟಿ ಕಾಯ್ದೆ 79ನೇ ಸೆಕ್ಷನ್ನಿನ ರಕ್ಷಣಾ (ಬಳಸೋರು ಹಾಕಿದ್ದಕ್ಕ ನೀವು ಹೊಣಿ ಅಲ್ಲ ಅನ್ನೋದು) ಸಿಗಬಹುದು. 2016ರಾಗ ದಿಲ್ಲಿ ಹೈಕೋರ್ಟ್ ಮೈಸ್ಪೇಸ್ ಅನ್ನೋ ಸೋಷಿಯಲ್ ಮೀಡಿಯಾ ಸೈಟಿನ ಕೇಸಿನಾಗ, ಎಲ್ಲೋ ಏನೋ ಉಲ್ಲಂಘನೆ ಇರ್ತದ ಅನ್ನೋ ಸಾಮಾನ್ಯ ತಿಳಿವಳಿಕಿ ಸಾಕಾಗಂಗಿಲ್ಲ, ಇಂಥದ್ದೇ ವಿಡಿಯೋ ಅಂತ ಗೊತ್ತಿರಬೇಕು ಅಂತು. ಆದ್ರ ಗೊತ್ತಾದ ಮ್ಯಾಲ ಸುಮ್ನಿರಂಗಿಲ್ಲ. ದೂರು ಸ್ವೀಕರಿಸೋ ಅಧಿಕಾರಿ ಹೆಸ್ರು, ಇಮೇಲ್ ಆಪಿನಾಗ ಹಾಕ್ರಿ, ದೂರು ಬಂದ 24 ತಾಸಿನೊಳಗ ಮುಟ್ಟೇತಿ ಅಂತ ತಿಳಿಸ್ರಿ. ಕಾಪಿರೈಟ್ ನಿಯಮದ ಪ್ರಕಾರ ಲಿಖಿತ ದೂರು ಬಂದ್ರ 36 ತಾಸಿನೊಳಗ ಆ ವಿಡಿಯೋ ಬಂದ್ ಮಾಡ್ಬೇಕು, 21 ದಿನದಾಗ ಕೋರ್ಟ್ ಆರ್ಡರ್ ತರ್ಲಿಲ್ಲಂದ್ರ ವಾಪಸ್ ತೆರಿಬಹುದು. ಅಡ್ಮಿನ್ ಪ್ಯಾನಲಿನಾಗ ಒಂದೇ ಒತ್ತಿಗೆ ವಿಡಿಯೋ ಮುಚ್ಚೋ ಬಟನ್ ಮೊದಲ್ನೇ ವರ್ಷನ್ನಿನಾಗೇ ಇಡ್ರಿ, ಯಾವಾಗ ಮುಚ್ಚಿದ್ರಿ ಅನ್ನೋ ಲಾಗ್ ಸಮೇತ. ನೀವೇ ಆರಿಸಿ "ಟಾಪ್ ಸಿನೆಮಾ" ಅಂತ ಪಟ್ಟಿ ಮಾಡಿ ಮುಂದ ತೋರ್ಸಿದ್ರ ಮಾತ್ರ ಈ ರಕ್ಷಣಾ ತೆಳ್ಳಗ ಆಗ್ತದ.

ಹೆಜ್ಜೆ 10: ನೋಟಿಸ್ ಬಂತು, ಈಗೇನು

ಮೊದ್ಲು ಆ ಒಂದು ವಿಡಿಯೋ ಇಲ್ಲಾ ಚಾನೆಲ್ ಬಂದ್ ಮಾಡ್ರಿ, ಡೇಟಾ ಮಾತ್ರ ಅಳಿಸ್ಬ್ಯಾಡ್ರಿ. ಸ್ಕ್ರೀನ್‌ಶಾಟ್, ಇಮೇಲ್, ಕರಾರು, ಸರ್ವರ್ ಲಾಗ್ ಒಂದು ಕಡಿ ಇಡ್ರಿ. ಆಮ್ಯಾಲ ಮೊದಲ್ನೇ ಹೆಜ್ಜಿ ಶೀಟ್ ತೆಗ್ದು ಆ ಸಾಲು ನೋಡ್ರಿ. ಕಾಗದ ಇದ್ರ, ನೋಟಿಸ್ ತಪ್ಪಿದ್ರ, ಪ್ಲೇ ಸ್ಟೋರಿಗೆ ಕೌಂಟರ್ ನೋಟಿಸ್ ಹಾಕಬಹುದು, ದೂರು ಕೊಟ್ಟವ್ರು ಕೋರ್ಟಿಗೆ ಹೋಗ್ಲಿಲ್ಲಂದ್ರ ಸಾಧಾರಣ 10ರಿಂದ 14 ಕೆಲಸದ ದಿನದ ಮ್ಯಾಲ ಆಪ್ ವಾಪಸ್ ಬರ್ತದ. ಆದ್ರ ಅದು ಪ್ರಮಾಣ ಮಾಡಿ ಕೊಡೋ ಕಾಗದ, ನಿಮ್ಮ ಖರೇ ಹೆಸ್ರು ವಿಳಾಸ ಎದುರಿನವ್ರಿಗೆ ಹೋಗ್ತದ, ಅಮೆರಿಕದ ಕೋರ್ಟಿನ ವ್ಯಾಪ್ತಿ ಒಪ್ಕೋತೀನಿ ಅಂತ ಬರ್ದು ಕೊಟ್ಟಂಗ ಆಗ್ತದ, ಸುಳ್ಳ ಇದ್ರ ಕೈ ಹಾಕ್ಬ್ಯಾಡ್ರಿ. ಕಾಗದ ಇಲ್ಲಾಂದ್ರ ಸುಮ್ನ ತೆಗ್ದು, ತೆಗ್ದೀವಿ ಅಂತ ಎರಡು ಸಾಲು ಉತ್ತರ ಬರೀರಿ, ವಾದ ಹಚ್ಚಬ್ಯಾಡ್ರಿ.

ಕೋರ್ಟ್ ಸಮನ್ಸ್ ಬಂದ್ರ ಬ್ಯಾರೆ ಮಾತು. ಕಲಬುರಗಿಯೊಳಗೇ ಹೈಕೋರ್ಟ್ ಪೀಠ ಅದ, ಇಲ್ಲೇ ನೋಡ್ಕೋಣ ಅಂತ ಕೂಡಬ್ಯಾಡ್ರಿ. 62ನೇ ಸೆಕ್ಷನ್ ಪ್ರಕಾರ ಹಕ್ಕಿನ ಮಾಲಕ್ರು ತಾವು ಇರೋ ಊರು, ವ್ಯಾಪಾರ ಮಾಡೋ ಊರಿನ ಕೋರ್ಟಿನಾಗ ಕೇಸ್ ಹಾಕಬಹುದು, ಅಂದ್ರ ದೊಡ್ಡ ಕಂಪನಿ ಇದ್ರ ದಿಲ್ಲಿ ಇಲ್ಲಾ ಮುಂಬೈ. 2019ರಿಂದ ದಿಲ್ಲಿ ಹೈಕೋರ್ಟ್ ಕೊಡೋ ಡೈನಮಿಕ್ ಇಂಜಂಕ್ಷನ್ (ತಡಿ ಆರ್ಡರ್) ಹ್ಯಾಂಗಂದ್ರ, ಇವತ್ತು ಒಂದು ಡೊಮೇನ್ ಬ್ಲಾಕ್ ಆಗಿ ನಾಳಿ ಹೆಸ್ರು ಬದ್ಲು ಮಾಡಿ ಬಂದ್ರ ಹೊಸ ಕೇಸಿಲ್ದ ಅದನ್ನೂ ಅದೇ ಆರ್ಡರಿಗೆ ಸೇರಸ್ತಾರ. ಸಮನ್ಸ್ ಮುಟ್ಟಿಲ್ಲ ಅಂತ ಮುಚ್ಚಿಟ್ರ ನೀವಿಲ್ದಾಗೇ ಆರ್ಡರ್ ಆಗ್ತದ, ಹಂಗಾಗಿ ಬಂದ ದಿನಾನೇ ಕಾಪಿರೈಟ್ ಕೇಸ್ ನಡಿಸಿದ ವಕೀಲ್ರನ್ನ ಹುಡುಕ್ರಿ, ಸಿವಿಲ್ ಜಮೀನು ಕೇಸ್ ನೋಡೋ ಮಾವನ ಗೆಳ್ಯಾರನ್ನಲ್ಲ. ಸೆನ್ (ಸೈಬರ್ ಅಪರಾಧ ನೋಡೋ) ಪೊಲೀಸ್ ಠಾಣೆಯಿಂದ ಫೋನ್ ಬಂದ್ರ ಶೀಟು ಮತ್ತ ಕಾಗದದ ಝೆರಾಕ್ಸ್ ತಗೊಂಡು ವಕೀಲ್ರ ಜೋಡಿನೇ ಹೋಗ್ರಿ, ಅಸಲು ಕಾಗದ ಮನ್ಯಾಗ ಇರ್ಲಿ.